ಕೊಳೆ, ಕಿಲುಬು, ಕರಕಲು: ಲ್ಯಾಪ್‌ಟಾಪಿನ ಚಾರ್ಜಿಂಗ್ ಪಿನ್ನುಗಳ ಶುದ್ಧಿ

ಲೋಹವು ಕೆಡುವ ಬಗೆಗಳನ್ನು ಕನ್ನಡವು ಬೇರೆ ಬೇರೆ ಹೆಸರಿಟ್ಟು ಗುರುತಿಸುತ್ತದೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು; ತಾಮ್ರ, ಹಿತ್ತಾಳೆ, ಕಂಚುಗಳಿಗೆ ಹಿಡಿಯುವುದು ಕಿಲುಬು. ಹೊರಗಿನಿಂದ ಬಂದು ಕೂರುವುದು ಧೂಳು ಮತ್ತು ಕೊಳೆ. ಎಣ್ಣೆಯ ಪಸೆಯಿಂದ ಅಂಟಿಕೊಳ್ಳುವುದು ಜಿಡ್ಡು. ಹೊಗೆಯಿಂದ ಮೆತ್ತುವುದು ಮಸಿ. ವಸ್ತುವೇ ಸುಟ್ಟು ಉಳಿಯುವುದು ಕರಕಲು. ಅಡುಗೆಮನೆಯಲ್ಲಿ ಈ ಒಂದೊಂದಕ್ಕೂ ಬೇರೆಯದೇ ಉಪಾಯವಿದೆ. ಧೂಳನ್ನು ಒರೆಸುತ್ತಾರೆ, ಜಿಡ್ಡನ್ನು ಬೂದಿಯಿಂದಲೋ ಸೋಪಿನಿಂದಲೋ ತೊಳೆಯುತ್ತಾರೆ, ಕಿಲುಬನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಾರೆ, ಕರಕಲಾದ ಮರದ ಹಿಡಿಯನ್ನು ಬದಲಿಸುತ್ತಾರೆ. ಹೆಸರು ಸರಿಯಾಗಿದ್ದರೆ ಉಪಾಯವೂ ಸರಿಯಾಗುತ್ತದೆ ಎಂಬ ಈ ಅನುಭವವು ಲ್ಯಾಪ್‌ಟಾಪಿನ ಚಾರ್ಜಿಂಗ್ ಪಿನ್ನುಗಳ ವಿಷಯದಲ್ಲಿಯೂ ಹಾಗೆಯೇ ಅನ್ವಯಿಸುತ್ತದೆ.

ಇಂದಿನ ಐಚ್ಛಿಕ ಕನ್ನಡ ವಿದ್ಯಾರ್ಥಿಯ ಕೆಲಸದ ಬಹುಪಾಲು ಲ್ಯಾಪ್‌ಟಾಪಿನೊಳಗೆ ಅಡಗಿದೆ. ಕಿರುಪ್ರಬಂಧದ ಕರಡು, ಹಸ್ತಪ್ರತಿಗಳ ಛಾಯಾಚಿತ್ರ, ಕ್ಷೇತ್ರಕಾರ್ಯದಲ್ಲಿ ಮುದ್ರಿಸಿಕೊಂಡ ಜನಪದ ಹಾಡು, ಗಡಿಯ ಒಳನುಡಿಗಳ ಧ್ವನಿಮಾದರಿ ಇವೆಲ್ಲ ಹಲವೊಮ್ಮೆ ಆ ಒಂದೇ ಯಂತ್ರದಲ್ಲಿರುತ್ತವೆ. ಯಂತ್ರದ ಉಳಿದ ಭಾಗಗಳೆಲ್ಲ ಚೆನ್ನಾಗಿದ್ದು, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಪಿನ್ನು ಕಪ್ಪಾದ ಕಾರಣಕ್ಕೆ ಅದು ಚಾರ್ಜ್ ಆಗದೆ ನಿಂತುಬಿಡುವುದುಂಟು. ಅಂಥ ಸಂದರ್ಭದಲ್ಲಿ ಅವಸರಪಟ್ಟು ಸೂಜಿಯಿಂದ ಕೆರೆದರೆ ಸಣ್ಣ ದೋಷವು ದೊಡ್ಡದಾಗುತ್ತದೆ. ಸುಟ್ಟಿರುವ ಪಿನ್ನನ್ನು ಕೊಳೆಯೆಂದು ಭಾವಿಸಿ ಒರೆಸಿ ಮತ್ತೆ ಬಳಸಿದರೆ ಬೆಂಕಿಯ ಅಪಾಯಕ್ಕೂ ದಾರಿಯಾಗುತ್ತದೆ. ಆದುದರಿಂದ ಯಾವುದು ಶುದ್ಧಿಗೆ ಒಗ್ಗುವ ದೋಷ, ಯಾವುದು ಬದಲಾವಣೆಯನ್ನೇ ಬೇಡುವ ದೋಷ ಎಂಬ ವಿವೇಚನೆ ಅಗತ್ಯ.

ಪಿನ್ನುಗಳ ರಚನೆ

ವಿದ್ಯುತ್ತು ಒಂದು ಲೋಹದಿಂದ ಇನ್ನೊಂದು ಲೋಹಕ್ಕೆ ಹರಿಯಲು ಅವೆರಡೂ ಮುಟ್ಟಿಕೊಳ್ಳುವ ಜಾಗವನ್ನು ಸಂಪರ್ಕಬಿಂದು ಎನ್ನಬಹುದು. ಲ್ಯಾಪ್‌ಟಾಪುಗಳಲ್ಲಿ ಇಂಥ ಸಂಪರ್ಕಬಿಂದುಗಳ ವ್ಯವಸ್ಥೆ ಸಾಮಾನ್ಯವಾಗಿ ಮೂರು ಬಗೆಯಾಗಿರುತ್ತದೆ.

ಮೊದಲನೆಯದು ದುಂಡು ಪಿನ್ನು. ಚಾರ್ಜರಿನ ತುದಿಯಲ್ಲಿ ಕೊಳವೆಯಾಕಾರದ ಲೋಹವಿದ್ದು, ಅದರ ಹೊರಮೈ ಒಂದು ಧ್ರುವ, ಒಳಮೈ ಇನ್ನೊಂದು ಧ್ರುವವಾಗಿರುತ್ತದೆ. ಕೆಲವು ತಯಾರಕರು ಕೊಳವೆಯ ನಡುವೆ ಕೂದಲೆಳೆಯಂಥ ಒಂದು ತೆಳು ಪಿನ್ನನ್ನೂ ಇರಿಸುತ್ತಾರೆ. ಚಾರ್ಜರ್ ಎಷ್ಟು ಶಕ್ತಿಯದು ಎಂಬುದನ್ನು ಲ್ಯಾಪ್‌ಟಾಪಿಗೆ ತಿಳಿಸುವುದು ಆ ಪಿನ್ನಿನ ಕೆಲಸ. ಅದು ಕೊಳೆಯಾದರೆ ಅಥವಾ ಬಾಗಿದರೆ ಯಂತ್ರವು ಚಾರ್ಜರನ್ನು ಗುರುತಿಸದೆ, ವಿದ್ಯುತ್ತು ಬರುತ್ತಿದ್ದರೂ ಬ್ಯಾಟರಿಯನ್ನು ತುಂಬಿಸದೆ ಇರುವುದುಂಟು.

ಎರಡನೆಯದು ಟೈಪ್-ಸಿ. ಇದರ ವಿನ್ಯಾಸವು 2014ರಲ್ಲಿ ಪ್ರಕಟವಾಯಿತು. ಲ್ಯಾಪ್‌ಟಾಪಿನ ಪೋರ್ಟಿನೊಳಗೆ ಒಂದು ತೆಳುವಾದ ನಾಲಗೆಯಿದ್ದು, ಅದರ ಮೇಲ್ಮೈಯಲ್ಲಿ 12, ಕೆಳಮೈಯಲ್ಲಿ 12, ಒಟ್ಟು 24 ಸಂಪರ್ಕಬಿಂದುಗಳಿಗೆ ಸ್ಥಳವಿರುತ್ತದೆ. ವಿದ್ಯುತ್ತನ್ನು ಒಳತರಲು ನಾಲ್ಕು, ಹಿಂದಿರುಗಿಸಲು ನಾಲ್ಕು. ಚಾರ್ಜರು ಮತ್ತು ಯಂತ್ರ ಪರಸ್ಪರ ಮಾತನಾಡಿಕೊಳ್ಳಲು ಎರಡು. ಉಳಿದವು ಹೆಚ್ಚಾಗಿ ಮಾಹಿತಿಗಾಗಿ. ಯಂತ್ರವಿದೆ ಎಂದು ಖಚಿತವಾಗುವವರೆಗೆ ಚಾರ್ಜರು ವಿದ್ಯುತ್ತನ್ನು ಬಿಡುವುದಿಲ್ಲ. ಖಚಿತವಾದ ಬಳಿಕ 5 ವೋಲ್ಟಿನಿಂದ ಆರಂಭಿಸಿ, ಪರಸ್ಪರ ಒಪ್ಪಂದದಂತೆ 20 ವೋಲ್ಟಿನವರೆಗೆ, ಹೊಸ ನಿಯಮಾವಳಿಯ ಕೆಲವು ಚಾರ್ಜರುಗಳಲ್ಲಿ 48 ವೋಲ್ಟಿನವರೆಗೂ ಏರಿಸುತ್ತದೆ.

ಮೂರನೆಯದು ಅಯಸ್ಕಾಂತದ ಜೋಡಣೆ. ಆಪಲ್ ಸಂಸ್ಥೆಯು 2006ರಲ್ಲಿ ಮ್ಯಾಗ್‌ಸೇಫ್ ಎಂಬ ಹೆಸರಿನಲ್ಲಿ ಇದನ್ನು ತನ್ನ ಲ್ಯಾಪ್‌ಟಾಪುಗಳಿಗೆ ತಂದಿತು. 2012ರಲ್ಲಿ ಅದರ ತೆಳುವಾದ ಎರಡನೆಯ ರೂಪ ಬಂದಿತು. ನಡುವೆ ಕೆಲವು ವರ್ಷ ಕೈಬಿಟ್ಟು, 2021ರಲ್ಲಿ ಮತ್ತೆ ತಂದಿತು. ತಂತಿ ಕಾಲಿಗೆ ತೊಡರಿದರೆ ಯಂತ್ರ ಬೀಳದೆ ಜೋಡಣೆ ಮಾತ್ರ ಕಳಚಿಕೊಳ್ಳಲಿ ಎಂಬುದು ಇದರ ಉದ್ದೇಶ. ಮೊದಲ ಮ್ಯಾಗ್‌ಸೇಫಿನಲ್ಲಿ ಐದು ಪಿನ್ನುಗಳಿವೆ. ಎರಡೂ ಕೊನೆಯ ಪಿನ್ನುಗಳು ಋಣ, ಅವುಗಳ ಒಳಬದಿಯ ಎರಡು ಧನ, ನಟ್ಟನಡುವಿನ ಒಂದು ಗುರುತಿನ ಪಿನ್ನು. ಎಡಬಲ ಸಮನಾಗಿರುವುದರಿಂದ ಹೇಗೆ ತಿರುಗಿಸಿ ಜೋಡಿಸಿದರೂ ಸರಿಯಾಗುತ್ತದೆ. ಪಿನ್ನುಗಳ ಹಿಂದೆ ಪುಟ್ಟ ಸ್ಪ್ರಿಂಗುಗಳಿದ್ದು ಅವು ಒಳಹೊರಗೆ ಚಲಿಸುತ್ತವೆ.

ಮೂರೂ ಬಗೆಗಳಲ್ಲಿ ಪಿನ್ನಿನ ಒಡಲು ಸಾಮಾನ್ಯವಾಗಿ ತಾಮ್ರದ ಮಿಶ್ರಲೋಹ. ಅದರ ಮೇಲೆ ನಿಕ್ಕಲಿನ ಪದರ. ಒಳ್ಳೆಯ ಪಿನ್ನುಗಳಲ್ಲಿ, ಅದರಲ್ಲಿಯೂ ಟೈಪ್-ಸಿಯಲ್ಲಿ, ಅದರ ಮೇಲೆ ಬಂಗಾರದ ಅತಿ ತೆಳು ಲೇಪ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವ ಉದ್ದೇಶವೇ ಇಲ್ಲಿಯೂ ಇದೆ. ಒಳಗಿನ ಲೋಹವು ಗಾಳಿಗೂ ತೇವಕ್ಕೂ ಸಿಕ್ಕಿ ಕಿಲುಬಾಗದಂತೆ ಮೇಲಿನ ಲೇಪ ಕಾಯುತ್ತದೆ. ಆದರೆ ಈ ಬಂಗಾರದ ಲೇಪವು ಬಹುತೇಕ ಒಂದು ಮೈಕ್ರಾನಿಗಿಂತಲೂ ತೆಳು. ಮನುಷ್ಯನ ತಲೆಗೂದಲಿನ ದಪ್ಪ ಇದರ ಐವತ್ತು ಪಟ್ಟಿಗಿಂತ ಹೆಚ್ಚು. ಪಿನ್ನುಗಳನ್ನು ಕೆರೆಯಬಾರದು ಎನ್ನುವುದರ ಕಾರಣ ಇಲ್ಲಿದೆ.

ಬಿಸಿ ಹುಟ್ಟುವ ಲೆಕ್ಕ

ಎರಡು ಲೋಹಗಳು ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಅವುಗಳ ಮೈ ಗುಡ್ಡಕಣಿವೆಗಳ ಸೀಮೆಯಂತಿರುತ್ತದೆ. ಒಂದರ ಮೇಲೊಂದು ಒತ್ತಿದಾಗ ಶಿಖರಗಳು ಮಾತ್ರ ಮುಟ್ಟಿಕೊಳ್ಳುತ್ತವೆ. ವಿದ್ಯುತ್ತೆಲ್ಲ ಆ ಕೆಲವೇ ಚುಕ್ಕೆಗಳ ಮೂಲಕ ಇಕ್ಕಟ್ಟಿನಲ್ಲಿ ಸಾಗಬೇಕು. ಇದನ್ನು ಇಪ್ಪತ್ತನೆಯ ಶತಮಾನದಲ್ಲಿ ವಿಸ್ತಾರವಾಗಿ ಅಧ್ಯಯನ ಮಾಡಿದವನು ರಾಗ್ನರ್ ಹಾಲ್ಮ್ ಎಂಬ ವಿಜ್ಞಾನಿ. ಶಿಖರಗಳ ನಡುವೆ ಜಿಡ್ಡಿನ ಅಥವಾ ಕಿಲುಬಿನ ಪೊರೆ ಸೇರಿಕೊಂಡರೆ ದಾರಿ ಇನ್ನಷ್ಟು ಕಿರಿದಾಗುತ್ತದೆ, ಅಂದರೆ ರೋಧ ಹೆಚ್ಚುತ್ತದೆ.

ರೋಧ ಹೆಚ್ಚಿದ ಜಾಗದಲ್ಲಿ ಬಿಸಿ ಹುಟ್ಟುತ್ತದೆ. ಜೇಮ್ಸ್ ಜೂಲ್ 1841ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಹುಟ್ಟುವ ಬಿಸಿಯು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟಿರುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳಬಹುದು. 20 ವೋಲ್ಟಿನ 65 ವ್ಯಾಟ್ ಚಾರ್ಜರು ಪೂರ್ಣ ಶಕ್ತಿಯಲ್ಲಿ ಕೊಡುವ ಪ್ರವಾಹ 3.25 ಆಂಪಿಯರ್, ಅದರ ವರ್ಗ ಸುಮಾರು 10.6. ಸಂಪರ್ಕದ ರೋಧವು 0.02 ಓಮ್ ಇದ್ದರೆ ಅಲ್ಲಿ ಹುಟ್ಟುವ ಬಿಸಿ 0.21 ವ್ಯಾಟ್, ಅದು ಬೆರಳಿಗೆ ತಿಳಿಯುವುದೂ ಕಷ್ಟ. ಅದೇ ರೋಧವು ಕೊಳೆಯಿಂದಾಗಿ 0.5 ಓಮಿಗೆ ಏರಿದರೆ ಹುಟ್ಟುವ ಬಿಸಿ ಸುಮಾರು 5.3 ವ್ಯಾಟ್. ಅಷ್ಟು ಬಿಸಿ ಒಂದು ಪುಟ್ಟ ಪಿನ್ನಿನ ತುದಿಯಲ್ಲಿ ಸೇರಿಕೊಂಡರೆ ಸುತ್ತಲಿನ ಪ್ಲಾಸ್ಟಿಕ್ಕು ಮೆತ್ತಗಾಗಲು ಸಾಕು.

ಇಲ್ಲಿಂದ ಮುಂದೆ ಒಂದು ವಿಷವರ್ತುಲ ಆರಂಭವಾಗುತ್ತದೆ. ಬಿಸಿಯಿಂದ ಲೋಹದ ಮೇಲೆ ಆಕ್ಸೈಡಿನ ಪೊರೆ ಬೆಳೆಯುತ್ತದೆ, ಸ್ಪ್ರಿಂಗಿನ ಬಿಗಿ ಸಡಿಲವಾಗುತ್ತದೆ, ರೋಧ ಮತ್ತೆ ಏರುತ್ತದೆ, ಬಿಸಿ ಮತ್ತೆ ಹೆಚ್ಚುತ್ತದೆ. ಲ್ಯಾಪ್‌ಟಾಪು ತನಗೆ ಬೇಕಾದಷ್ಟು ಶಕ್ತಿಯನ್ನು ಪಡೆದೇ ತೀರುವ ಯಂತ್ರ. ಪಿನ್ನಿನಲ್ಲಿ ವೋಲ್ಟೇಜು ಕುಗ್ಗಿದರೆ ಅದು ಇನ್ನಷ್ಟು ಪ್ರವಾಹವನ್ನು ಎಳೆಯಲು ಯತ್ನಿಸುತ್ತದೆ. ಟೈಪ್-ಸಿ ಮತ್ತು ಮ್ಯಾಗ್‌ಸೇಫಿನಲ್ಲಿ ಒಂದೇ ಧ್ರುವಕ್ಕೆ ಒಂದಕ್ಕಿಂತ ಹೆಚ್ಚು ಪಿನ್ನುಗಳಿರುವುದರಿಂದ ಪ್ರವಾಹವು ಅವುಗಳಲ್ಲಿ ಹಂಚಿಹೋಗುತ್ತದೆ. ಒಂದು ಪಿನ್ನು ಕೊಳೆಯಾಗಿ ಹಿಂದೆ ಸರಿದರೆ ಅದರ ಪಾಲಿನ ಹೊರೆಯೂ ಉಳಿದವುಗಳ ಮೇಲೆ ಬೀಳುತ್ತದೆ. ಚೊಕ್ಕಟವಾಗಿಯೇ ಇದ್ದ ಪಕ್ಕದ ಪಿನ್ನು ಸುಟ್ಟುಹೋಗುವುದಕ್ಕೆ ಇದೂ ಒಂದು ಕಾರಣ.

ಕೇಡಿನ ನಾಲ್ಕು ಬಗೆ

ಮೊದಲನೆಯದು ಧೂಳು ಮತ್ತು ನಾರು. ಚೀಲದೊಳಗಿನ ಬಟ್ಟೆಯ ನಾರು, ಕಾಗದದ ಪುಡಿ, ರಸ್ತೆಯ ಧೂಳು ಪೋರ್ಟಿನೊಳಗೆ ಸೇರಿ, ಚಾರ್ಜರನ್ನು ಚುಚ್ಚಿದಷ್ಟೂ ಒತ್ತೊತ್ತಾಗಿ ತಳದಲ್ಲಿ ಕೂರುತ್ತವೆ. ಆಗ ಪಿನ್ನು ಪೂರ್ತಿ ಒಳಹೋಗದೆ ಸಡಿಲವಾಗಿ ನಿಲ್ಲುತ್ತದೆ. ಮಗ್ಗಗಳ ಊರಾದ ಸೊಲ್ಲಾಪುರದಲ್ಲಿ, ಹತ್ತಿಯ ಪೇಟೆಯಾದ ಆದವಾನಿಯಲ್ಲಿ ಈ ನಾರಿನ ತೊಂದರೆಗೆ ಅವಕಾಶ ಹೆಚ್ಚು. ಅಯಸ್ಕಾಂತದ ಜೋಡಣೆಗೆ ಇನ್ನೊಂದು ತೊಡಕುಂಟು. ಕಬ್ಬಿಣದ ಪುಡಿ, ಸ್ಟೇಪ್ಲರಿನ ತುಂಡು ಮೊದಲಾದುವನ್ನು ಅದು ತಾನೇ ಸೆಳೆದುಕೊಳ್ಳುತ್ತದೆ. ಅವು ಎರಡು ಪಿನ್ನುಗಳ ನಡುವೆ ಸೇತುವೆಯಾದರೆ ಕಿಡಿ ಹಾರಬಹುದು.

ಎರಡನೆಯದು ಜಿಡ್ಡು. ಬೆರಳಿನ ಬೆವರು, ತಲೆಗೆಣ್ಣೆ, ತಿಂಡಿಯ ಎಣ್ಣೆ, ಚೆಲ್ಲಿದ ಚಹಾದ ಸಕ್ಕರೆ ಪಿನ್ನಿನ ಮೇಲೆ ಮಂಕಾದ ಪೊರೆಯಾಗಿ ನಿಲ್ಲುತ್ತವೆ. ಜಿಡ್ಡು ತಾನೇ ತೊಂದರೆ ಕೊಡುವುದಲ್ಲದೆ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಮೂರನೆಯದು ಕಿಲುಬು. ಬಂಗಾರದ ಲೇಪ ಸವೆದ ಕಡೆ ತೇವವೂ ಉಪ್ಪೂ ಸೇರಿದರೆ ಒಳಗಿನ ತಾಮ್ರವು ಹಸಿರಾಗುತ್ತದೆ. ಪಾತ್ರೆಯ ಕಿಲುಬಿಗಿಂತ ಇದು ಬೇಗ ಬೆಳೆಯುತ್ತದೆ. ಏಕೆಂದರೆ ಇಲ್ಲಿ ವಿದ್ಯುತ್ತೂ ಜೊತೆಗಿದೆ. ಉಪ್ಪಿನ ತೇವವು ಎರಡು ಪಿನ್ನುಗಳನ್ನು ಸೇರಿಸಿದಾಗ ವಿದ್ಯುದ್ವಿಭಜನೆ ನಡೆದು, ಧನ ಪಿನ್ನಿನ ಲೋಹ ಕರಗುತ್ತ ಹೋಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ, ಕಡಲಿನ ಉಪ್ಪುಗಾಳಿ ಮನೆಯೊಳಗೂ ಬರುವ ಕಾಸರಗೋಡಿನ ಕರಾವಳಿಯಲ್ಲಿ ಆಷಾಢ ಶ್ರಾವಣಗಳ ಕಾಲ ಪಿನ್ನುಗಳ ಪಾಲಿಗೆ ಕಷ್ಟದ ಕಾಲ. ನೀಲಗಿರಿಯ ಮಂಜಿನಲ್ಲಿಯೂ ವಯನಾಡಿನ ಮಳೆಯಲ್ಲಿಯೂ ತೇವದ ತೊಂದರೆ ಉಂಟು, ಉಪ್ಪು ಮಾತ್ರ ಅಲ್ಲಿ ಬೆವರಿನಿಂದ ಬರಬೇಕು.

ನಾಲ್ಕನೆಯದು ಕರಕಲು. ಹೆಚ್ಚಿದ ರೋಧದ ಬಿಸಿಯಿಂದಲೋ, ಯಂತ್ರವು ಪೂರ್ಣ ಶಕ್ತಿ ಎಳೆಯುತ್ತಿರುವಾಗ ಚಾರ್ಜರನ್ನು ಕಿತ್ತಾಗ ಹಾರುವ ಸಣ್ಣ ಕಿಡಿಯಿಂದಲೋ ಪಿನ್ನಿನ ತುದಿ ಕಪ್ಪಾಗುತ್ತದೆ. ಇದರಲ್ಲಿಯೂ ಎರಡು ಹಂತಗಳಿವೆ. ಲೋಹದ ಮೇಲೆ ಮಾತ್ರ ಮಸಿಯಂಥ ಕಲೆಯಿದ್ದು ಪಿನ್ನಿನ ಆಕಾರ ಕೆಡದಿದ್ದರೆ ಅದು ಮೊದಲ ಹಂತ. ಪಿನ್ನಿನ ಸುತ್ತಲಿನ ಪ್ಲಾಸ್ಟಿಕ್ಕು ಕಂದಿ, ಉಬ್ಬಿ, ಕರಗಿ ಹೋಗಿದ್ದರೆ ಅದು ಎರಡನೆಯ ಹಂತ. ಮೊದಲನೆಯದನ್ನು ಒರೆಸಿ ನೋಡಬಹುದು. ಎರಡನೆಯದನ್ನು ಒರೆಸಿ ಪ್ರಯೋಜನವಿಲ್ಲ.

ಶುದ್ಧಿಗೆ ಮೊದಲು ಪರೀಕ್ಷೆ

ಚಾರ್ಜ್ ಆಗದ ಎಲ್ಲ ಲ್ಯಾಪ್‌ಟಾಪುಗಳ ದೋಷವೂ ಪಿನ್ನಿನಲ್ಲಿರುವುದಿಲ್ಲ. ಗೋಡೆಯ ಪ್ಲಗ್ಗಿನಲ್ಲಿ ವಿದ್ಯುತ್ತಿದೆಯೇ ಎಂಬುದನ್ನು ಬೇರೊಂದು ಉಪಕರಣದಿಂದ ಮೊದಲು ನೋಡಬೇಕು. ಬಳಿಕ ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ವ್ಯಾಟಿನ, ಅದೇ ಬಗೆಯ ಬೇರೊಂದು ಚಾರ್ಜರನ್ನು ಹಾಕಿ ನೋಡಬೇಕು. ಅದರಿಂದ ಚಾರ್ಜ್ ಆದರೆ ದೋಷ ಹಳೆಯ ಚಾರ್ಜರಿನದು ಅಥವಾ ಅದರ ತಂತಿಯದು. ತಂತಿಯು ತುದಿಗೆ ಸೇರುವ ಕೊರಳಿನಲ್ಲಿ ಒಳಗಿಂದೊಳಗೇ ಮುರಿದಿರುವುದು ತೀರ ಸಾಮಾನ್ಯ.

ಟೈಪ್-ಸಿ ಪೋರ್ಟಿಗೆ ಇನ್ನೊಂದು ಸುಲಭ ಪರೀಕ್ಷೆಯಿದೆ. ಪ್ಲಗ್ಗನ್ನು ಒಮ್ಮೆ ನೇರವಾಗಿಯೂ ಒಮ್ಮೆ ಮಗುಚಿಯೂ ಹಾಕಿ ನೋಡಬೇಕು. ಒಂದು ಮಗ್ಗುಲಿನಲ್ಲಿ ಮಾತ್ರ ಚಾರ್ಜ್ ಆಗಿ, ಇನ್ನೊಂದರಲ್ಲಿ ಆಗದಿದ್ದರೆ ದೋಷವು ಬಹುಮಟ್ಟಿಗೆ ಲ್ಯಾಪ್‌ಟಾಪಿನ ಪೋರ್ಟಿನಲ್ಲಿಯೇ ಇದೆ. ಮಾತುಕತೆಗೆಂದು ಪ್ಲಗ್ಗಿನಲ್ಲಿರುವ ಪಿನ್ನು ಒಂದೇ ಆಗಿದ್ದು, ಅದು ನೇರವಾಗಿದ್ದಾಗ ಪೋರ್ಟಿನ ಒಂದು ಬಿಂದುವನ್ನೂ ಮಗುಚಿದಾಗ ಇನ್ನೊಂದು ಬಿಂದುವನ್ನೂ ಮುಟ್ಟುತ್ತದೆ. ಪೋರ್ಟಿನ ಆ ಎರಡರಲ್ಲಿ ಒಂದು ಕೊಳೆಯಾದರೆ ಈ ಲಕ್ಷಣ ಕಾಣುತ್ತದೆ.

ಇಷ್ಟಾದ ಮೇಲೆ ಮೊಬೈಲಿನ ಟಾರ್ಚ್ ಹಿಡಿದು ಪೋರ್ಟನ್ನೂ ಚಾರ್ಜರಿನ ತುದಿಯನ್ನೂ ನೋಡಬೇಕು. ಮೊಬೈಲಿನ ಕ್ಯಾಮರಾದಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಿದರೆ ಬರಿಗಣ್ಣಿಗೆ ಕಾಣದ್ದೂ ಕಾಣುತ್ತದೆ. ಬೂದುಬಣ್ಣದ ನಾರು, ಮಂಕಾದ ಪೊರೆ, ಹಸಿರು ಕಲೆ, ಕಪ್ಪು ಚುಕ್ಕೆ ಇವುಗಳಲ್ಲಿ ಯಾವುದಿದೆ ಎಂಬುದರ ಮೇಲೆ ಮುಂದಿನ ಕ್ರಮ ನಿಲ್ಲುತ್ತದೆ. ಯಂತ್ರವು ಬ್ಯಾಟರಿಯ ಬಲದಿಂದ ಇನ್ನೂ ನಡೆಯುತ್ತಿದ್ದರೆ, ಶುದ್ಧಿಗೆ ಕೈಹಾಕುವ ಮುನ್ನವೇ ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುವುದು ವಿವೇಕ.

ಶುದ್ಧಿಯ ಕ್ರಮ

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಮೆತ್ತನೆಯ ಎಳೆಗಳ ಒಣ ಬ್ರಷ್ಷು, ಮರದ ಹಲ್ಲುಕಡ್ಡಿ, ನಾರು ಬಿಡದ ತೆಳು ಬಟ್ಟೆ ಅಥವಾ ಬಿಗಿಯಾಗಿ ಸುತ್ತಿದ ಹತ್ತಿಯ ಕಡ್ಡಿ, ಗಾಳಿ ಊದುವ ರಬ್ಬರಿನ ಬುರುಡೆ, ಮತ್ತು ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲು. ಈ ದ್ರವವನ್ನು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯವರು ಐಪಿಎ ಎಂದು ಕರೆಯುತ್ತಾರೆ. ಇದು ಜಿಡ್ಡನ್ನು ಕರಗಿಸುತ್ತದೆ, ಬೇಗ ಆರುತ್ತದೆ, ಹಿಂದೆ ಏನನ್ನೂ ಉಳಿಸುವುದಿಲ್ಲ. ಶೇಕಡಾ 70ರ ದ್ರವದಲ್ಲಿ ಉಳಿದ ಭಾಗ ನೀರಾಗಿರುವುದರಿಂದ ಅದು ಆರಲು ತಡವಾಗುತ್ತದೆ.

ಮೊದಲಿಗೆ ಗೋಡೆಯ ಸ್ವಿಚ್ಚನ್ನು ಆರಿಸಿ ಚಾರ್ಜರನ್ನು ಪ್ಲಗ್ಗಿನಿಂದಲೂ ಲ್ಯಾಪ್‌ಟಾಪಿನಿಂದಲೂ ತೆಗೆಯಬೇಕು. ಚಾರ್ಜರಿನ ದೀಪವು ಪೂರ್ತಿ ನಂದಿದ ಬಳಿಕವೂ ಒಂದೆರಡು ನಿಮಿಷ ಕಾಯುವುದು ಒಳ್ಳೆಯದು. ಲ್ಯಾಪ್‌ಟಾಪನ್ನು ನಿದ್ರಾಸ್ಥಿತಿಯಲ್ಲಿ ಬಿಡದೆ ಪೂರ್ಣವಾಗಿ ಮುಚ್ಚಬೇಕು. ಬ್ಯಾಟರಿ ಹೊರತೆಗೆಯಲು ಬರುವಂಥದಾದರೆ ತೆಗೆದಿಡಬೇಕು. ಐಸೊಪ್ರೊಪೈಲ್ ಆಲ್ಕೊಹಾಲಿನ ಆವಿಯು ಬೇಗ ಹೊತ್ತಿಕೊಳ್ಳುವಂಥದು. ಹತ್ತಿರದಲ್ಲಿ ದೀಪ, ಊದುಬತ್ತಿ, ಒಲೆ ಇರಬಾರದು, ಕಿಟಕಿ ತೆರೆದಿರಬೇಕು.

ಎರಡನೆಯ ಹಂತ ಒಣ ಶುದ್ಧಿ. ಪೋರ್ಟಿನ ಬಾಯಿ ಕೆಳಮುಖವಾಗುವಂತೆ ಯಂತ್ರವನ್ನು ಓರೆಯಾಗಿ ಹಿಡಿದು ಬ್ರಷ್ಷಿನಿಂದ ಮೆಲ್ಲಗೆ ಗುಡಿಸಬೇಕು. ತಳದಲ್ಲಿ ಒತ್ತಿಕೊಂಡ ನಾರನ್ನು ಚಪ್ಪಟೆಯಾಗಿ ಹೆರೆದ ಹಲ್ಲುಕಡ್ಡಿಯಿಂದ ಅಂಚಿನ ಕಡೆಯಿಂದ ಸಡಿಲಿಸಿ ಹೊರಗೆಳೆಯಬೇಕು. ಟೈಪ್-ಸಿ ಪೋರ್ಟಿನ ನಾಲಗೆಯನ್ನು ಮೀಟಬಾರದು. ಅದು ಮುರಿದರೆ ಪೋರ್ಟೇ ಹೋದಂತೆ. ದುಂಡು ಪೋರ್ಟಿನ ಮತ್ತು ಪಿನ್ನಿನ ನಡುವಣ ತೆಳು ಕಡ್ಡಿ ಬಾಗದಂತೆ ಎಚ್ಚರ ವಹಿಸಬೇಕು. ಕೊನೆಗೆ ರಬ್ಬರಿನ ಬುರುಡೆಯಿಂದ ಗಾಳಿ ಊದಬೇಕು. ಬಾಯಿಯಿಂದ ಊದಿದರೆ ಉಸಿರಿನ ತೇವ ಒಳಸೇರುತ್ತದೆ. ಹಲವು ಸಂದರ್ಭಗಳಲ್ಲಿ ದೋಷವು ಈ ಹಂತದಲ್ಲಿಯೇ ನೀಗುತ್ತದೆ.

ಮೂರನೆಯ ಹಂತ ಹಸಿ ಶುದ್ಧಿ. ದ್ರವವನ್ನು ನೇರವಾಗಿ ಪೋರ್ಟಿಗೆ ಸುರಿಯಬಾರದು. ಹತ್ತಿಯ ಕಡ್ಡಿಯ ತುದಿಯನ್ನು ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಪಿನ್ನಿನ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಒಳಗಿನಿಂದ ಹೊರಗೆ ಒರೆಸಬೇಕು. ಹತ್ತಿಯ ಕಡ್ಡಿ ಹಿಡಿಸದ ಕಿರಿದಾದ ಪೋರ್ಟಿಗೆ ಹಲ್ಲುಕಡ್ಡಿಯ ತುದಿಗೆ ತೆಳು ಬಟ್ಟೆಯ ಒಂದು ಸುತ್ತು ಸುತ್ತಿಕೊಳ್ಳಬಹುದು. ಬಟ್ಟೆಗೆ ಕಪ್ಪು ಅಥವಾ ಹಸಿರು ಬಣ್ಣ ಅಂಟಿದಂತೆಲ್ಲ ಬದಲಿಸುತ್ತ, ಬಣ್ಣ ಬರುವುದು ನಿಲ್ಲುವವರೆಗೆ ಒರೆಸಬೇಕು. ಚಾರ್ಜರಿನ ತುದಿಗೂ ಇದೇ ಕ್ರಮ. ಎರಡರಲ್ಲಿ ಒಂದನ್ನು ಮಾತ್ರ ಶುದ್ಧಿ ಮಾಡಿದರೆ ಇನ್ನೊಂದರ ಕೊಳೆ ಮೊದಲ ಜೋಡಣೆಯಲ್ಲಿಯೇ ಮತ್ತೆ ಅಂಟುತ್ತದೆ. ಮ್ಯಾಗ್‌ಸೇಫಿನ ಪಿನ್ನುಗಳಲ್ಲಿ ಯಾವುದಾದರೂ ಒಳಗೇ ಸಿಕ್ಕಿಕೊಂಡಿದ್ದರೆ ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿ ಬಿಟ್ಟು, ಅದು ಸ್ಪ್ರಿಂಗಿನ ಬಲದಿಂದ ಮೇಲೆದ್ದು ಬರುತ್ತದೆಯೇ ಎಂದು ನೋಡಬೇಕು.

ನಾಲ್ಕನೆಯ ಹಂತ ಒಣಗಿಸುವುದು. ಹೊರಮೈ ನಿಮಿಷದೊಳಗೆ ಆರಿದರೂ ಸಂದಿಗಳೊಳಗಿನ ದ್ರವ ಆರಲು ಹೊತ್ತು ಬೇಕು. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಅರ್ಧ ಗಂಟೆಯಾದರೂ ಇಡಬೇಕು. ಬಳಿಕ ಹತ್ತಿಯ ಎಳೆ ಒಳಗುಳಿದಿಲ್ಲವೆಂದು ಖಚಿತಪಡಿಸಿಕೊಂಡು, ಮೊದಲು ಚಾರ್ಜರನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಆಮೇಲೆ ಗೋಡೆಯ ಸ್ವಿಚ್ಚು ಹಾಕಬೇಕು. ಹತ್ತು ನಿಮಿಷದ ನಂತರ ಜೋಡಣೆಯ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ತುಸು ಬೆಚ್ಚಗಿದ್ದರೆ ಚಿಂತೆಯಿಲ್ಲ. ಬೆರಳಿಡಲು ಆಗದಷ್ಟು ಬಿಸಿಯಿದ್ದರೆ ಸ್ವಿಚ್ಚು ಆರಿಸಿ ಅಲ್ಲಿಗೇ ನಿಲ್ಲಿಸಬೇಕು.

ಮಾಡಬಾರದ ಕೆಲಸಗಳು

ಪಾತ್ರೆಯ ಕಿಲುಬಿಗೆ ಹುಣಸೆಹಣ್ಣು, ಉಪ್ಪು, ಲಿಂಬೆರಸ ಒಳ್ಳೆಯ ಮದ್ದು. ಆಮ್ಲವು ಕಿಲುಬನ್ನು ಕರಗಿಸುತ್ತದೆ, ಆಮೇಲೆ ಧಾರಾಳ ನೀರಿನಿಂದ ಪಾತ್ರೆಯನ್ನು ತೊಳೆಯುತ್ತಾರೆ. ಲ್ಯಾಪ್‌ಟಾಪಿನ ಪೋರ್ಟನ್ನು ಹಾಗೆ ತೊಳೆಯಲು ಬರುವುದಿಲ್ಲ. ಒಳಗುಳಿದ ಆಮ್ಲವೂ ಉಪ್ಪೂ ಸೇರಿ ಹೊಸ ಕಿಲುಬಿಗೆ ಬೀಜವಾಗುತ್ತವೆ. ಮನೆಯ ಮದ್ದು ಎಷ್ಟೇ ಪರಿಚಿತವಾದರೂ ಇಲ್ಲಿ ಅದು ಸಲ್ಲದು.

ಮರಳುಕಾಗದ, ಬ್ಲೇಡು, ಸೂಜಿ, ಸೇಫ್ಟಿಪಿನ್ನುಗಳಿಂದ ಕೆರೆದಾಗ ಪಿನ್ನು ಕೂಡಲೇ ಹೊಳೆಯುತ್ತದೆ, ಚಾರ್ಜೂ ಆಗುತ್ತದೆ. ಆದರೆ ಹೊಳೆಯುತ್ತಿರುವುದು ಲೇಪ ಕಳೆದುಕೊಂಡ ತಾಮ್ರ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಬೇಯಿಸಿದಂತೆ, ಆ ಪಿನ್ನು ಮೊದಲಿಗಿಂತ ಬೇಗ ಕೆಡುತ್ತದೆ. ಲೋಹದ ಸೂಜಿಯು ಎರಡು ಪಿನ್ನುಗಳನ್ನು ಒಮ್ಮೆಗೇ ಮುಟ್ಟಿದರೆ ಶಾರ್ಟ್ ಆಗುವ ಅಪಾಯವೂ ಇದೆ. ಪೆನ್ಸಿಲ್ ಅಳಿಸುವ ರಬ್ಬರು ಕೂಡ ಸವೆತವನ್ನು ತರುವಂಥದೇ. ಅದರ ಪುಡಿ ಪೋರ್ಟಿನೊಳಗೆ ಉಳಿಯುತ್ತದೆ.

ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸಾಮಾನ್ಯವಾಗಿರುವ ಅಸಿಟೋನು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕೈ ತೊಳೆಯುವ ಸ್ಯಾನಿಟೈಸರಿನಲ್ಲಿ ನೀರು, ಗ್ಲಿಸರಿನ್, ಸುಗಂಧಗಳಿದ್ದು ಅವು ಅಂಟಾಗಿ ಉಳಿಯುತ್ತವೆ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆಗಳನ್ನು ತುಕ್ಕು ತಡೆಯಲೆಂದು ಸವರುವುದೂ ಧೂಳನ್ನು ಆಹ್ವಾನಿಸಿದಂತೆ.

ನಿಲ್ಲಿಸಬೇಕಾದ ಜಾಗ

ಪ್ಲಾಸ್ಟಿಕ್ಕು ಸುಟ್ಟು ಕರಕಲಾದಾಗ ಅದು ಇಂಗಾಲವಾಗುತ್ತದೆ. ಪ್ಲಾಸ್ಟಿಕ್ಕು ವಿದ್ಯುತ್ತನ್ನು ತಡೆಯುವ ವಸ್ತು. ಇಂಗಾಲವು ವಿದ್ಯುತ್ತನ್ನು ಹರಿಯಗೊಡುವ ವಸ್ತು. ಎರಡು ಪಿನ್ನುಗಳನ್ನು ಬೇರೆಯಾಗಿರಿಸಬೇಕಾದ ಗೋಡೆಯೇ ಅವುಗಳ ನಡುವಣ ದಾರಿಯಾಗಿ ಮಾರ್ಪಡುತ್ತದೆ. ಒರೆಸಿದಾಗ ಮೇಲಿನ ಕಪ್ಪು ಹೋಗಬಹುದು, ಒಳಗಿನ ಕರಕಲು ಹೋಗುವುದಿಲ್ಲ. ಅಂಥ ಪೋರ್ಟಿಗೆ ಮತ್ತೆ ವಿದ್ಯುತ್ತು ಹರಿಸಿದರೆ ಬಿಸಿ ಅಲ್ಲಿಯೇ ಮತ್ತೆ ಹುಟ್ಟುತ್ತದೆ. ಪಕ್ಕದಲ್ಲಿ ಲಿಥಿಯಂ ಬ್ಯಾಟರಿ ಇರುವ ಯಂತ್ರದಲ್ಲಿ, ರಾತ್ರಿಯಿಡೀ ಹಾಸಿಗೆಯ ಮೇಲೆ ಚಾರ್ಜಿಗಿಟ್ಟು ಮಲಗುವ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದುದರಿಂದ ಸುಟ್ಟ ವಾಸನೆ, ಕರಗಿದ ಅಥವಾ ಕಂದಿದ ಪ್ಲಾಸ್ಟಿಕ್ಕು, ತಿಂದುಹೋದ ಪಿನ್ನು, ಅಲ್ಲಾಡುವ ಪೋರ್ಟು, ಉಬ್ಬಿದ ಬ್ಯಾಟರಿ, ಶುದ್ಧಿಯ ನಂತರವೂ ಏರುವ ಬಿಸಿ ಇವುಗಳಲ್ಲಿ ಒಂದು ಕಂಡರೂ ಚಾರ್ಜಿಂಗನ್ನು ನಿಲ್ಲಿಸಿ ದುರಸ್ತಿಯವರ ಬಳಿಗೆ ಒಯ್ಯಬೇಕು. ಅನೇಕ ಲ್ಯಾಪ್‌ಟಾಪುಗಳಲ್ಲಿ ದುಂಡು ಪೋರ್ಟು ಅಥವಾ ಮ್ಯಾಗ್‌ಸೇಫ್ ಪೋರ್ಟು ಒಂದು ಪುಟ್ಟ ಬಿಡಿ ಹಲಗೆಯಲ್ಲೋ ತಂತಿಯ ತುದಿಯಲ್ಲೋ ಇರುತ್ತದೆ. ಅದನ್ನಷ್ಟೇ ಬದಲಿಸಿದರೆ ಸಾಕಾಗುತ್ತದೆ. ಮದರ್‌ಬೋರ್ಡಿಗೇ ಬೆಸುಗೆ ಹಾಕಿದ ಟೈಪ್-ಸಿ ಪೋರ್ಟಿನ ಬದಲಾವಣೆಗೆ ನುರಿತ ಕೈ ಬೇಕು. ಪೋರ್ಟನ್ನು ಬದಲಿಸಿ, ಸುಟ್ಟ ತುದಿಯ ಹಳೆಯ ಚಾರ್ಜರನ್ನೇ ಮುಂದುವರಿಸಿದರೆ ಹೊಸ ಪೋರ್ಟೂ ಅದೇ ದಾರಿ ಹಿಡಿಯುತ್ತದೆ. ಎರಡನ್ನೂ ಒಟ್ಟಿಗೆ ಪರೀಕ್ಷಿಸುವಂತೆ ಕೇಳಬೇಕು.

ಕೇಡು ಬಾರದಂತೆ

ಕೆಲವು ಸಣ್ಣ ಅಭ್ಯಾಸಗಳು ಪಿನ್ನಿನ ಆಯುಷ್ಯವನ್ನು ಹೆಚ್ಚಿಸುತ್ತವೆ. ಜೋಡಿಸುವಾಗ ಲ್ಯಾಪ್‌ಟಾಪಿನ ತುದಿ ಮೊದಲು, ಗೋಡೆಯ ಸ್ವಿಚ್ಚು ಆಮೇಲೆ. ಕಳಚುವಾಗ ಸ್ವಿಚ್ಚು ಮೊದಲು, ತುದಿ ಆಮೇಲೆ. ಹೀಗೆ ಮಾಡಿದರೆ ಕಿಡಿಗೆ ಅವಕಾಶ ಕಡಿಮೆ. ತಂತಿಯನ್ನು ಹಿಡಿದು ಎಳೆಯದೆ ಪ್ಲಗ್ಗನ್ನು ಹಿಡಿದು ನೇರವಾಗಿ ತೆಗೆಯಬೇಕು. ಚೀಲದಲ್ಲಿ ಚಾರ್ಜರಿಗೆ ಬೇರೆ ಪುಟ್ಟ ಸಂಚಿಯಿರಬೇಕು. ಒದ್ದೆ ಕೈಯಿಂದ ಮುಟ್ಟಬಾರದು. ಮಳೆಯಲ್ಲಿ ನೆನೆದ ಚೀಲದಿಂದ ತೆಗೆದ ಯಂತ್ರವನ್ನು ಕೂಡಲೇ ಚಾರ್ಜಿಗೆ ಹಾಕಬಾರದು. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಿ, ಒಣ ಬ್ರಷ್ಷು ಆಡಿಸಿದರೆ ಹಸಿ ಶುದ್ಧಿಯ ಅಗತ್ಯವೇ ವಿರಳವಾಗುತ್ತದೆ.

ಗಡಿನಾಡಿನ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಪ್ರಯೋಜನವುಂಟು. ಕಾಸರಗೋಡಿನ ದುರಸ್ತಿ ಅಂಗಡಿಯಲ್ಲಿ ಮಾತು ಮಲಯಾಳದಲ್ಲಿ ನಡೆಯಬಹುದು, ಹೊಸೂರಿನಲ್ಲಿ ತಮಿಳಿನಲ್ಲಿ, ಅಕ್ಕಲಕೋಟೆಯಲ್ಲಿ ಮರಾಠಿಯಲ್ಲಿ. ಯಾವ ಭಾಷೆಯಲ್ಲಿ ಹೇಳುವುದಾದರೂ, ಹೇಳಬೇಕಾದುದು ಮೊದಲು ತನ್ನ ಭಾಷೆಯಲ್ಲಿ ಸ್ಪಷ್ಟವಾಗಿರಬೇಕು. ‘ಚಾರ್ಜ್ ಆಗುತ್ತಿಲ್ಲ’ ಎಂದಷ್ಟೇ ಹೇಳುವ ಗಿರಾಕಿಗೆ ಇಡೀ ಮದರ್‌ಬೋರ್ಡ್ ಬದಲಾವಣೆಯ ಅಂದಾಜು ಸಿಗಬಹುದು. ‘ಬೇರೆ ಚಾರ್ಜರಿನಿಂದಲೂ ಆಗುತ್ತಿಲ್ಲ, ಪ್ಲಗ್ಗನ್ನು ಮಗುಚಿದರೆ ಆಗುತ್ತದೆ, ಪೋರ್ಟಿನಲ್ಲಿ ಒಂದು ಕಡೆ ಕಿಲುಬಿದೆ, ಪ್ಲಾಸ್ಟಿಕ್ಕು ಕರಗಿಲ್ಲ’ ಎಂದು ಹೇಳಬಲ್ಲವನಿಗೆ ಆ ಪೋರ್ಟಿನ ದುರಸ್ತಿಯ ಬಗೆಗೇ ಉತ್ತರ ಸಿಗುವ ಸಂಭವ ಹೆಚ್ಚು. ಕಿಲುಬು ಮತ್ತು ಕರಕಲುಗಳ ವ್ಯತ್ಯಾಸವನ್ನು ಬಲ್ಲ ಭಾಷೆಯು ವಿದ್ಯಾರ್ಥಿಯ ಬಳಿ ಆಗಲೇ ಇದೆ. ಟಾರ್ಚಿನ ಬೆಳಕಿನಲ್ಲಿ ನೋಡಿ, ಕಂಡುದಕ್ಕೆ ಸರಿಯಾದ ಹೆಸರನ್ನು ಇಡುವ ಕೆಲಸವಷ್ಟೇ ಉಳಿದಿದೆ.